ಅಪ್ಪನ ಹಾರ್ಟು

ಕಳೆದ ವಾರ ಮೂಡಿಗೆರೆಯ ಗೊಬ್ಬರದ ಅಂಗಡಿಗೆ ಸುಣ್ಣ ತರಲು ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ಯಾರೋ ಬೋರರ್ ಹುಳಕ್ಕೆ ಔಷಧಿ ಕೇಳಿದರು. ಅಂಗಡಿಯವರು ಒಳಗಿನಿಂದ ತಂದಿಟ್ಟ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಸೋರಿತ್ತು. ಅಷ್ಟೇ ಆದದ್ದು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಬೆರಳ ತುದಿಗಳು ಜುಮ್ಮೆಂದವು. ಅಂಗಡಿಯ ಟ್ಯೂಬ್‌ಲೈಟು ಎಲ್ಲೋ ದೂರಕ್ಕೆ ಸರಿದಂತಾಯಿತು. ಕೌಂಟರ್ ಹಿಡಿದುಕೊಂಡು ನಿಂತೆ, ಓಡಲಿಲ್ಲ. ಇದು ಏನೆಂದು ಈಗ ನನಗೆ ಗೊತ್ತು. ಕರೆಯದೆ ಬಂದ ನೆಂಟರ ಹಾಗೆ ಸ್ವಲ್ಪ ಹೊತ್ತು ಕೂತು, ತಾನೇ ಎದ್ದು ಹೋಗುತ್ತದೆ. ಅಂಗಡಿಯವರು ನನ್ನ ಮುಖ ನೋಡಿ, ಗ್ಯಾಸ್ಟ್ರಿಕ್ ಇರಬೇಕು, ಸೋಡಾ ತರಿಸಲೇ ಎಂದು ಕೇಳಿದರು. ಎದೆ ಹೊಡೆದುಕೊಳ್ಳುತ್ತಿರುವಾಗಲೇ ನನಗೆ ನಗು ಬಂತು. ಇದು ನನಗೆ ಮೊದಲ ಸಲ ಬಂದ ವರ್ಷ ಈ ಮಾತು ಹೇಳದ ಬಾಯಿ ನಮ್ಮ ಕಡೆ ಇರಲಿಲ್ಲ.

ನಮ್ಮದು ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಬಲಕ್ಕೆ ಇಳಿದರೆ ಸಿಗುವ ಸಣ್ಣ ತೋಟ. ಅರೇಬಿಕಾ ಕಾಫಿ. ಅರೇಬಿಕಾ ಇಟ್ಟುಕೊಂಡವರಿಗೆ ಬೋರರ್ ಹುಳದ ಕಾಟ ಗೊತ್ತೇ ಇರುತ್ತದೆ. ದುಂಬಿ ಬಂದು ಕಾಂಡದ ತೊಗಟೆಯ ಸೀಳಿನಲ್ಲಿ ಮೊಟ್ಟೆ ಇಡುತ್ತದೆ, ಮರಿ ಒಳಗೆ ಹೊಕ್ಕು ಕೊರೆಯುತ್ತಾ ಹೋಗುತ್ತದೆ, ಹೊರಗೆ ಹಸಿರಾಗಿಯೇ ಕಾಣುತ್ತಿದ್ದ ಗಿಡ ಒಂದು ದಿನ ಹಳದಿಯಾಗಿ ನಿಂತುಬಿಡುತ್ತದೆ. ಅದಕ್ಕೆ ಸುತ್ತಮುತ್ತಲಿನವರು ಕಾಂಡಕ್ಕೆ ಔಷಧಿ ಬಳಿಸುತ್ತಾರೆ. ನಾವು ಬಳಿಸುವುದಿಲ್ಲ. ತೆಂಗಿನ ನಾರಿನ ಕೈಗವಸು ಹಾಕಿಕೊಂಡು ಒಂದೊಂದೇ ಗಿಡದ ಕಾಂಡವನ್ನು, ದನದ ಮೈ ತಿಕ್ಕಿದ ಹಾಗೆ, ಮೇಲಿನಿಂದ ಕೆಳಗೆ ತಿಕ್ಕಿಸುತ್ತೇವೆ. ಸಡಿಲ ತೊಗಟೆ ಉದುರುತ್ತದೆ, ಅದರ ಜೊತೆ ಮೊಟ್ಟೆಯೂ ಉದುರುತ್ತದೆ. ಆಳು ಹೆಚ್ಚು ಬೇಕು, ಸೊಂಟ ಬಿದ್ದುಹೋಗುತ್ತದೆ, ಆದರೂ ಅದೇ ಪದ್ಧತಿ.

ಇದು ಅಮ್ಮನ ಕಾನೂನು. ಅಪ್ಪ ಹೋದ ಮೇಲೆ ತೋಟವನ್ನು ಒಬ್ಬಳೇ ನಡೆಸಿದ ಅಮ್ಮ, ನಮ್ಮ ಗೇಟಿನೊಳಗೆ ಆ ಬಾಟಲಿ ಬರಲು ಒಮ್ಮೆಯೂ ಬಿಟ್ಟವಳಲ್ಲ. ಕೆಲವರಿಗೆ ಎಂಜಲಿನ ಮಡಿ ಇರುತ್ತದೆ, ಅಮ್ಮನಿಗೆ ವಿಷದ ಮಡಿ. ಒಮ್ಮೆ ಯಾವುದೋ ಕಂಪನಿಯ ಹುಡುಗ ಸ್ಯಾಂಪಲ್ ಬಾಟಲಿಯನ್ನು ಜಗಲಿಯ ಮೇಲೆ ಇಟ್ಟು ಹೋಗಿದ್ದ. ಅಮ್ಮ ಅದನ್ನು ಒಲೆಯ ಇಕ್ಕಳದಲ್ಲಿ ಹಿಡಿದುಕೊಂಡು ಗೇಟಿನ ಆಚೆ ಇಟ್ಟು ಬಂದು, ಜಗಲಿಯನ್ನು ಸೋಪು ಹಾಕಿ ತೊಳೆದಳು. ನಾನೂ ನನ್ನ ಗಂಡ ಗಿರೀಶನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ನಾನು ಮಾತ್ರ ಆ ಮಡಿಯಿಂದ ಒಳ್ಳೆಯ ಲಾಭ ಮಾಡಿಕೊಂಡಿದ್ದೆ. ನಮ್ಮ ಕಾಫಿಯನ್ನು ನಾವೇ ಹುರಿದು ಪುಡಿ ಮಾಡಿ ಪ್ಯಾಕೆಟ್ಟಿನಲ್ಲಿ ಮಾರಲು ಶುರುಮಾಡಿದಾಗ, ವಿಷ ಸೋಕದ ತೋಟ ಎಂಬುದೇ ನಮ್ಮ ಹೆಚ್ಚುಗಾರಿಕೆಯಾಯಿತು. ಪ್ಯಾಕೆಟ್ಟಿನ ಹಿಂದೆ ಅಪ್ಪನ ಒಂದು ಕಪ್ಪುಬಿಳುಪು ಫೋಟೋ ಹಾಕಿಸಿ, ಕೆಳಗೆ ‘ಮಣ್ಣನ್ನು ಪ್ರೀತಿಸಿದ ನಮ್ಮ ಅಪ್ಪನ ಕನಸು: ವಿಷವಿಲ್ಲದ ಕಾಫಿ’ ಎಂದು ಬರೆಸಿದೆ. ಅಪ್ಪ ಹಾಗೆ ಕನಸು ಕಂಡಿದ್ದರೆಂದು ನನಗೆ ಯಾರೂ ಹೇಳಿರಲಿಲ್ಲ. ಆದರೆ ಅಮ್ಮ ಅಷ್ಟು ಹಟ ಹಿಡಿಯಬೇಕಾದರೆ ಅದು ಅಪ್ಪನ ಆಸೆಯೇ ಇರಬೇಕು ಎಂದು ನಾನೇ ತೀರ್ಮಾನ ಮಾಡಿದ್ದೆ. ಮೊದಲ ಪ್ಯಾಕೆಟ್ಟನ್ನು ಅಮ್ಮನ ಕೈಗೆ ಕೊಟ್ಟಾಗ ಅವಳು ತುಂಬಾ ಹೊತ್ತು ಅದನ್ನೇ ನೋಡಿ, “ಅವ್ರನ್ನ ಯಾಕೆ ಇದ್ರಲ್ಲಿ ಹಾಕ್ದೆ?” ಎಂದು ಮಾತ್ರ ಕೇಳಿದಳು. ಹಳೇ ಕಾಲದವಳು, ನಾಚಿಕೆ ಎಂದುಕೊಂಡೆ.

ಅಪ್ಪನ ಬಗ್ಗೆ ನನಗೆ ನೆನಪಿರುವುದು ಕಡಿಮೆ. ಅವರು ಹೋದಾಗ ನಾನು ಮೂರನೇ ಕ್ಲಾಸಿನಲ್ಲಿದ್ದೆ. ಒಂದು ಬೆಳಿಗ್ಗೆ ಮಾವ ನನ್ನನ್ನು ಜೀಪಿನಲ್ಲಿ ಹಾಕಿಕೊಂಡು ಮಲ್ಲಂದೂರಿನ ಅಜ್ಜಿ ಮನೆಗೆ ಕರೆದುಕೊಂಡು ಹೋದರು. ಅಜ್ಜಿ ಬಚ್ಚಲಿನಲ್ಲಿ ಬಿಸಿನೀರು ತುಂಬಿಸಿ ನನ್ನ ಕೈಗಳನ್ನು ಮತ್ತೆ ಮತ್ತೆ ಸೋಪು ಹಚ್ಚಿ ತೊಳೆದಳು, ಹೊಸ ಫ್ರಾಕು ಹಾಕಿದಳು. ನನ್ನನ್ನು ಅಷ್ಟು ಮುದ್ದಿನಿಂದ ಯಾರೂ ಮೀಯಿಸಿರಲಿಲ್ಲ. ಸಂಜೆ ಮಾವ, ಅಪ್ಪನಿಗೆ ಹಾರ್ಟ್ ಆಯಿತು ಎಂದು ಹೇಳಿದರು. ಹಾರ್ಟ್ ಎನ್ನುವುದು ಆಗುವ ವಸ್ತು, ಅದು ಆದ ಮೇಲೆ ಜನ ವಾಪಸ್ ಬರುವುದಿಲ್ಲ ಎಂದು ತಿಳಿದುಕೊಂಡೇ ನಾನು ದೊಡ್ಡವಳಾದೆ. ಅಪ್ಪನಿಗೆ ಆಗ ನಲವತ್ತು ದಾಟಿತ್ತು ಅಷ್ಟೇ. ನಾನು ಹೇಳುತ್ತಿರುವ ಆ ವರ್ಷ ನನಗೂ ನಲವತ್ತು ದಾಟಿತ್ತು.

ಆ ವರ್ಷದ ಮಳೆ ಹೋಗಲೊಲ್ಲದೆ ಹೋಗಿ, ಬಿಸಿಲು ಬಿದ್ದು, ಹಣ್ಣು ಅಲ್ಲಲ್ಲಿ ಕೆಂಪು ತಿರುಗಲು ಶುರುವಾಗಿತ್ತು. ಪಕ್ಕದ ತೋಟದವರು ತಮ್ಮ ಒಂದು ತುಂಡನ್ನು ನನಗೆ ಗುತ್ತಿಗೆಗೆ ಕೊಡಲು ಒಪ್ಪಿದ್ದರು. ಅದನ್ನು ನೋಡಿ ಬರಲು ಹೋದೆ. ನಮ್ಮ ಹಳೇ ಜೀಪು ಕೆಟ್ಟಿದ್ದರಿಂದ ಮೂಡಿಗೆರೆಯ ಗ್ಯಾರೇಜಿನ ಹನೀಫಣ್ಣ ಅದನ್ನು ರಿಪೇರಿ ಮಾಡಿ, ಓಡಿಸಿ ನೋಡುವ ನೆಪದಲ್ಲಿ ನನ್ನನ್ನೂ ಕೂರಿಸಿಕೊಂಡು ಬಂದಿದ್ದರು. ಆ ತೋಟದಲ್ಲಿ ಆಳುಗಳು ಕಾಂಡಕ್ಕೆ ಔಷಧಿ ಬಳಿಯುತ್ತಿದ್ದರು. ನಾನು ಗಿಡಗಳ ಸಾಲಿನ ನಡುವೆ ನಡೆದುಕೊಂಡು ಹೋಗಿ, ಮೇಸ್ತ್ರಿಯ ಹತ್ತಿರ ನೆರಳಿನ ಮರಗಳ ಬಗ್ಗೆ ಏನೋ ಕೇಳುತ್ತಿದ್ದೆ. ಮಾತಿನ ಮಧ್ಯೆ ನನ್ನ ಎದೆ ಒಮ್ಮೆಲೇ ಕಿತ್ತುಕೊಂಡು ಬಂದಂತಾಯಿತು. ಉಸಿರು ಒಳಗೆ ಹೋಗುತ್ತಿಲ್ಲ. ಕೈಕಾಲು ತಣ್ಣಗೆ. ಆ ಕ್ಷಣದಲ್ಲಿ ನನಗೆ ಒಂದೇ ಒಂದು ವಿಷಯ ಖಚಿತವಾಗಿ ಗೊತ್ತಿತ್ತು. ನಾನು ಸಾಯುತ್ತಿದ್ದೇನೆ. ಅಪ್ಪನ ಹಾರ್ಟು ನನಗೂ ಬಂತು.

ಹನೀಫಣ್ಣ ನನ್ನನ್ನು ಜೀಪಿಗೆ ಹತ್ತಿಸಿಕೊಂಡು ಮೂಡಿಗೆರೆಗೆ ಹೊಡೆದ ಸ್ಪೀಡಿಗೆ ಆ ಜೀಪು ಮತ್ತೊಮ್ಮೆ ರಿಪೇರಿಗೆ ಬಂತು. ದಾರಿಯುದ್ದಕ್ಕೂ ಅವರು ತಮ್ಮ ಭಾವನಿಗೂ ಹೀಗೇ ಆದದ್ದು, ಕೊನೆಗೆ ಅದು ಬರೀ ಗ್ಯಾಸ್ಟ್ರಿಕ್ ಎಂದು ಗೊತ್ತಾದದ್ದು, ಭಾವ ಈಗಲೂ ಪ್ಲೇಟುಗಟ್ಟಲೆ ಬಿರಿಯಾನಿ ತಿನ್ನುವುದು ಎಲ್ಲವನ್ನೂ ಹೇಳುತ್ತಾ ಬಂದರು. ನಾನು ಕಣ್ಣು ಮುಚ್ಚಿಕೊಂಡು, ಮೂಡಬಿದಿರೆಯ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳಿಗೆ ಯಾರು ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂದು ಯೋಚಿಸುತ್ತಿದ್ದೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎದೆ ತಣ್ಣಗಾಗಿತ್ತು. ಇಸಿಜಿ ತೆಗೆದರು. ಎಲ್ಲ ಸರಿಯಾಗಿತ್ತು. ಡಾಕ್ಟರು ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ ಎಂದು ಕೇಳಿದರು. ತಂದೆ ಇದೇ ವಯಸ್ಸಿನಲ್ಲಿ ಹಾರ್ಟ್ ಆಗಿ ಹೋದರು ಎಂದೆ. ಅಷ್ಟು ಹೊತ್ತಿಗೆ ಅಮ್ಮನೂ ಬಂದು ಪಕ್ಕದಲ್ಲಿ ಕೂತಿದ್ದಳು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಒಮ್ಮೆ ಬಂದು ಹೋಗಿದ್ದರೆ ಅದನ್ನು ಗ್ಯಾಸ್ಟ್ರಿಕ್ಕಿನ ಲೆಕ್ಕಕ್ಕೇ ಹಾಕಿ ಸುಮ್ಮನಾಗುತ್ತಿದ್ದೆ. ಆದರೆ ಅದಕ್ಕೆ ನನ್ನ ವಿಳಾಸ ಸಿಕ್ಕಿಬಿಟ್ಟಿತ್ತು. ಮುಂದಿನ ವಾರ ಮನೆಯಲ್ಲಿ ತಿಂಡಿ ತಿನ್ನುತ್ತಿದ್ದಾಗ ಬಂತು. ಆಮೇಲೆ ಬಸ್ಸಿನಲ್ಲಿ. ಆಮೇಲೆ ಕಾಫಿ ಹುರಿಯುತ್ತಿದ್ದಾಗ. ಬೀಜ ಕರಿಯಾಗಿ ಇಡೀ ಒಂದು ಬುಟ್ಟಿ ಹಾಳಾಯಿತು. ಯಾವ ಕಾರಣವೂ ಇಲ್ಲ, ಯಾವ ಜಗಳವೂ ಇಲ್ಲ, ಸುಖವಾಗಿ ಕೂತಿರುವಾಗ ಯಾರೋ ಹಿಂದಿನಿಂದ ಬಾವಿಗೆ ತಳ್ಳಿದ ಹಾಗೆ. ಪ್ರತಿ ಸಲವೂ ಹೊಸದಾಗಿ ಬೆಚ್ಚಿಬೀಳುತ್ತಿದ್ದೆ. ಹೋದ ಸಲ ಸಾಯಲಿಲ್ಲವಲ್ಲ ಎಂದು ಯಾರಾದರೂ ಸಮಾಧಾನ ಹೇಳಿದರೆ ಮೈ ಉರಿಯುತ್ತಿತ್ತು. ಹೋದ ಸಲ ಸಾಯದಿದ್ದವರೇ ಅಲ್ಲವೇ ಈ ಸಲ ಸಾಯುವುದು!

ಆ ದಿನಗಳಲ್ಲಿ ಟಿವಿ ಹಾಕಿದರೂ ಅದೇ, ವಾಟ್ಸಾಪ್ ತೆರೆದರೂ ಅದೇ. ಆಟ ಆಡುತ್ತಿದ್ದ ಹುಡುಗ ಕುಸಿದ, ಮದುವೆ ಮನೆಯಲ್ಲಿ ಕುಣಿಯುತ್ತಿದ್ದವನು ಕುಸಿದ. ನಮ್ಮ ಕುಟುಂಬದ ಗ್ರೂಪಿನಲ್ಲಿ ಬೆಳಗಿನ ಶುಭೋದಯದ ಹೂವಿನ ಜೊತೆಗೇ ಇಂಥ ಒಂದು ವಿಡಿಯೋ ಬರುತ್ತಿತ್ತು. ನಾನು ಒಂದನ್ನೂ ಬಿಡದೆ ನೋಡುತ್ತಿದ್ದೆ. ಗಿರೀಶ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು; ಅವನು ಇಸಿಜಿ ಸರಿ, ರಕ್ತ ಸರಿ, ಥೈರಾಯ್ಡ್ ಸರಿ, ಆದ್ದರಿಂದ ನೀನು ಸರಿ ಎಂದು ಲೆಕ್ಕ ಬಿಡಿಸಿ ತೋರಿಸುತ್ತಿದ್ದ. ಮಲ್ಲಂದೂರಿನ ಮಾವ ಫೋನಿನಲ್ಲಿ ಕಾಫಿ ಬಿಡು ಅಂದರು. ಕಾಫಿ ಬೆಳೆದು, ಕಾಫಿ ಹುರಿದು, ಕಾಫಿ ಮಾರುವವಳಿಗೆ! ಆದರೂ ಒಂದು ವಾರ ಬಿಟ್ಟೆ. ತಲೆನೋವು ಬಂತು, ಮನೆಯವರ ಮೇಲೆಲ್ಲ ಹಾರಾಡಿದೆ, ಆದರೆ ಅದು ಮಾತ್ರ ಬರುವುದು ಬಿಡಲಿಲ್ಲ. ಕಳಸದ ಹತ್ತಿರ ಬೇರು ಕೊಡುವವರೊಬ್ಬರು ಕಷಾಯ ಕೊಟ್ಟರು. ಕುಡಿದೆ. ಅಮ್ಮ ಹೊರನಾಡಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಸಾಲಿನಲ್ಲಿ ಕೂತು ಊಟ ಮಾಡುವಾಗ ಎಷ್ಟು ನೆಮ್ಮದಿ ಅನ್ನಿಸಿತು ಅಂದರೆ, ಎಲ್ಲ ಕಳೆಯಿತು ಎಂದೇ ತಿಳಿದೆ. ವಾಪಸ್ ಬರುವಾಗ ಕಳಸದ ಬಸ್‌ಸ್ಟ್ಯಾಂಡಿನಲ್ಲಿ, ಬಾಳೆಹಣ್ಣು ಕೊಳ್ಳುತ್ತಿದ್ದಾಗ, ಅದು ನನಗಾಗಿ ಕಾದು ನಿಂತಿತ್ತು.

ಅವತ್ತು ಸಂಜೆ ಮನೆಗೆ ಬಂದು ಜಗಲಿಯ ಮೇಲೆ ಕೂತವಳಿಗೆ ಅಳು ತಡೆಯಲಾಗಲಿಲ್ಲ. ಅಮ್ಮ ಬೆಲ್ಲದ ಕಾಫಿ ತಂದು ನಿಂತಿದ್ದಳು. “ಎಲ್ಲರೂ ಏನೂ ಇಲ್ಲ, ಏನೂ ಇಲ್ಲ ಅಂತಾರಲ್ಲ ಅಮ್ಮ. ಏನೂ ಇಲ್ದೆ ಹಿಂಗಾಗ್ತದಾ?” ಎಂದೆ. ಅಮ್ಮನ ಕೈಯಿಂದ ಲೋಟ ಜಾರಿ ಮೆಟ್ಟಿಲ ಮೇಲೆ ಬಿತ್ತು. ಅವಳು ಬಗ್ಗಿ ಅದನ್ನು ಎತ್ತಲಿಲ್ಲ. ನನ್ನನ್ನೇ ನೋಡುತ್ತಾ ನಿಂತಳು. ಆ ಮುಖವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕಾಫಿ ಸುಟ್ಟಿತೋ ಏನೋ ಎಂದುಕೊಂಡು ನಾನೇ ಬಟ್ಟೆ ತಂದು ಅವಳ ಕಾಲು ಒರೆಸಿದೆ.

ಮಾರನೇ ದಿನದಿಂದ ಅಮ್ಮ ನನ್ನ ನೆರಳಾದಳು. ತೋಟಕ್ಕೆ ಹೋದರೆ ಹಿಂದೆ ಬರುತ್ತಿದ್ದಳು. ಹುರಿಯುವ ಕೋಣೆಯಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಬಚ್ಚಲಿಗೆ ಹೋದರೆ ಹೊರಗೆ ನಿಂತು, ನೀರು ಸಾಕಾ, ಟವೆಲ್ ಇದೆಯಾ ಎಂದು ವಿಚಾರಿಸುತ್ತಿದ್ದಳು. ನಾನು ಉತ್ತರ ಕೊಡುವುದು ತಡವಾದರೆ ಬಾಗಿಲು ಬಡಿಯುತ್ತಿದ್ದಳು. ಹಳೇ ಗುದಾಮಿಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಲ್ಲಿ ಇದ್ದದ್ದು ಖಾಲಿ ಗೋಣಿಚೀಲ ಮತ್ತು ಮುರಿದ ಏಣಿ. ನನ್ನನ್ನು ಕಾಯಲು ಒಬ್ಬ ಪೊಲೀಸು ನೇಮಕವಾಗಿದೆ ಎಂದು ನಾನು ಗಿರೀಶನ ಹತ್ತಿರ ತಮಾಷೆ ಮಾಡಿದೆ. ಒಂದೆರಡು ಸಲ ರೇಗಿಯೂ ರೇಗಿದೆ. ಹೃದಯದ ಕಾಯಿಲೆಯವಳ ಹಿಂದೆ ಹೀಗೆ ಬಿದ್ದರೆ ಇರುವ ಹೃದಯವೂ ನಿಲ್ಲುತ್ತದೆ ಎಂದೆ. ಅಮ್ಮ ಹಿಂದೆ ಬರುವುದನ್ನು ಬಿಡಲಿಲ್ಲ.

ಹಣ್ಣು ಕೀಳುವ ಕೆಲಸ ಶುರುವಾಗುವ ಮೊದಲು ಇದಕ್ಕೊಂದು ಕೊನೆ ಕಾಣಿಸಬೇಕೆಂದು ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೊರಟೆವು. ಚಾರ್ಮಾಡಿ ಘಾಟಿ ಇಳಿಯುವಾಗ ಮೂರು ತಿರುವಿಗೊಮ್ಮೆ ಕಾರು ನಿಲ್ಲಿಸಬೇಕಾಯಿತು. ಅಲ್ಲಿ ನನ್ನನ್ನು ಓಡುವ ಬೆಲ್ಟಿನ ಮೇಲೆ ನಿಲ್ಲಿಸಿ ಹೃದಯ ಪರೀಕ್ಷೆ ಮಾಡಿದರು. ಬೆಲ್ಟು ಜೋರಾಗುತ್ತಿದ್ದಂತೆ ನನಗೆ ಅದು ಬಂದೇ ಬಂತು; ಕೂಗಿಕೊಂಡೆ, ಯಂತ್ರ ನಿಲ್ಲಿಸಿದರು. ಹೃದಯದ ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ಪರೀಕ್ಷೆ ಪೂರ್ತಿಯಾಗದ ಕಾರಣ ಏನೂ ಹೇಳಲು ಬರುವುದಿಲ್ಲ, ಬೇರೆಯವರಾಗಿದ್ದರೆ ಕಾದು ನೋಡೋಣ ಅನ್ನುತ್ತಿದ್ದೆ, ಆದರೆ ತಂದೆಗೆ ಇದೇ ವಯಸ್ಸಿನಲ್ಲಿ ಆಗಿದೆ ಅನ್ನುತ್ತೀರಿ, ಆದ್ದರಿಂದ ನಾಳೆ ಆಂಜಿಯೋಗ್ರಾಮ್ ಮಾಡಿ ರಕ್ತನಾಳದ ಒಳಗೇ ನೋಡಿಬಿಡೋಣ ಎಂದರು. ನನಗೆ ಒಂದು ಥರ ಖುಷಿಯೇ ಆಯಿತು. ಕೊನೆಗೂ ಯಾರೋ ಒಬ್ಬರು ನನ್ನ ಕಾಯಿಲೆಯನ್ನು ನಂಬಿದ್ದರು. ಅಮ್ಮ ಡಾಕ್ಟರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೃದಯವನ್ನೇ ದಿಟ್ಟಿಸಿ ನೋಡುತ್ತಿದ್ದಳು.

ಗಿರೀಶ ರೂಮಿನ ವ್ಯವಸ್ಥೆಗೆಂದು ಕೌಂಟರಿನ ಸಾಲಿನಲ್ಲಿ ನಿಂತ. ನಾನೂ ಅಮ್ಮನೂ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತೆವು. ಮಧ್ಯಾಹ್ನದ ಹೊತ್ತು, ಸೆಕೆ, ತಲೆಯ ಮೇಲೆ ಫ್ಯಾನು ಕಿರುಗುಡುತ್ತಿತ್ತು. ಬಂದ ಕಾಫಿಯನ್ನು ಅಮ್ಮ ಒಂದು ಗುಟುಕು ಕುಡಿದು ಪಕ್ಕಕ್ಕೆ ಸರಿಸಿದಳು. ಚಿಕೋರಿ ಜಾಸ್ತಿ ಎಂದು ಬೈಯುತ್ತಾಳೆ ಎಂದುಕೊಂಡು ನಾನು ಕಾಯುತ್ತಿದ್ದೆ.

“ಅವ್ರಿಗೆ ಹಾರ್ಟ್ ಆಗಿರ್ಲಿಲ್ಲ,” ಅಂದಳು ಅಮ್ಮ.

“ಯಾರಿಗೆ?”

“ನಿನ್ನ ಅಪ್ಪಂಗೆ.”

ನನಗೆ ಅರ್ಥವಾಗಲಿಲ್ಲ. ಮತ್ತೇನು, ಸ್ಟ್ರೋಕಾ ಎಂದು ಕೇಳಿದೆ. ಅಮ್ಮ ಮೇಜಿನ ಮೇಲೆ ಚೆಲ್ಲಿದ್ದ ಸಕ್ಕರೆಯನ್ನು ಬೆರಳಿನಿಂದ ಒಂದು ಕಡೆ ಕೂಡಿಸುತ್ತಾ, ತೋಟದ ಕೆಲಸ ಒಪ್ಪಿಸುವಾಗಿನ ದನಿಯಲ್ಲೇ ಹೇಳಿದಳು. “ಗುದಾಮಲ್ಲಿ ಬೋರರ್ ಎಣ್ಣೆ ಇತ್ತು. ಅದನ್ನ ಕುಡಿದ್ರು.”

ಇಂಥ ಮಾತು ಕೇಳಿದಾಗ ಜನ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ನಾನು ಅಳಲಿಲ್ಲ, ಕೂಗಲಿಲ್ಲ. ನನ್ನ ತಲೆಗೆ ಮೊದಲು ಬಂದದ್ದು ಪ್ಯಾಕೆಟ್ಟು. ಸಾವಿರಾರು ಪ್ಯಾಕೆಟ್ಟು, ಒಂದೊಂದರ ಹಿಂದೆಯೂ ಅಪ್ಪನ ನಗುವ ಮುಖ, ಅದರ ಕೆಳಗೆ ವಿಷವಿಲ್ಲದ ಕಾಫಿ. ಅದನ್ನು ಅಮ್ಮ ತನ್ನ ಕೈಯಾರೆ ಎಷ್ಟು ಸಲ ಅಂಟಿಸಿದ್ದಳು, ಎಷ್ಟು ಸಲ ಪೆಟ್ಟಿಗೆಗೆ ತುಂಬಿದ್ದಳು! “ಹಾಗಾದ್ರೆ ಪ್ಯಾಕೆಟ್ ಮೇಲೆ ಬರ್ಸಿದ್ದು?” ಎಂದು ಕೇಳಿದೆ. ನನ್ನ ದನಿ ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ಅಮ್ಮ ಅದಕ್ಕೆ, ಅದು ನೀನು ಬರೆಸಿದ್ದು, ನಾನಲ್ಲ ಎಂದಳು. ಕೋಪದಿಂದ ಹೇಳಲಿಲ್ಲ.

ಆಮೇಲೆ ಅವಳು ಹೇಳಿದ್ದು ನನ್ನದೇ ಕಥೆಯಂತಿತ್ತು. ಆ ವರ್ಷವಿಡೀ ಅಪ್ಪನಿಗೆ ಎದೆ ಹೊಡೆದುಕೊಳ್ಳುತ್ತಿತ್ತಂತೆ. ಕೈ ನಡುಗುತ್ತಿತ್ತಂತೆ. ಊಟಕ್ಕೆ ಕೂತವರು ಎದ್ದು ಅಂಗಳಕ್ಕೆ ಹೋಗಿ, ಉಸಿರು ಸಿಗುತ್ತಿಲ್ಲ ಎಂದು ನಿಲ್ಲುತ್ತಿದ್ದರಂತೆ. ಸಾಲದ ಕಾಟ ಇರಲಿಲ್ಲ, ದಾಯಾದಿ ಜಗಳ ಇರಲಿಲ್ಲ, ಕುಡಿತ ಇರಲಿಲ್ಲ. ಮೂಡಿಗೆರೆಯಲ್ಲಿ ತೋರಿಸಿದರು, ಗ್ಯಾಸ್ಟ್ರಿಕ್ ಎಂದು ಗುಳಿಗೆ ಕೊಟ್ಟರು. ಚಿಕ್ಕಮಗಳೂರಿನಲ್ಲಿ ತೋರಿಸಿದರು, ಏನೂ ಇಲ್ಲ ಎಂದರು. ಹೊರನಾಡಿಗೆ ಹೋಗಿ ಬಂದರು. ಮನೆಗೆ ಬಂದವರೆಲ್ಲ ಗಂಡಸಾಗಿ ಹೀಗೆ ಹೆದರಿದರೆ ಹೇಗೆ ಎಂದು ಬೆನ್ನು ತಟ್ಟಿ ಹೋದರು.

“ಒಂದಿನ ಜಗಲಿ ಮೇಲೆ ಕೂತ್ಕಂಡು, ಏನೂ ಇಲ್ಲ ಅಂತಾರಲ್ಲ ಮಾರಾಯ್ತಿ, ಏನೂ ಇಲ್ದೆ ಹಿಂಗಾಗ್ತದಾ ಅಂತ ಕೇಳಿದ್ರು,” ಅಂದಳು ಅಮ್ಮ. “ಅದೇ ಜಾಗ. ನೀ ಕೂತಿದ್ಯಲ್ಲ, ಅದೇ ಕಂಬದ ಹತ್ರ. ಅದಾಗಿ ತಿಂಗ್ಳೂ ಇರ್ಲಿಲ್ಲ ಅವ್ರು.”

ಮೆಟ್ಟಿಲ ಮೇಲೆ ಬಿದ್ದ ಲೋಟ, ಬಚ್ಚಲ ಬಾಗಿಲು ಬಡಿದ ಸದ್ದು, ಸೊಂಟದಲ್ಲಿ ಸಿಕ್ಕಿಸಿದ ಬೀಗದ ಕೈ ಎಲ್ಲ ಒಟ್ಟಿಗೇ ನನ್ನ ಕಣ್ಣ ಮುಂದೆ ಬಂದವು. ನಾನು ಸಾಯುತ್ತೇನೆಂದು ಹೆದರಿ ಊರೆಲ್ಲ ಸುತ್ತುತ್ತಿದ್ದಾಗ, ನಾನೇ ಜೀವ ತೆಗೆದುಕೊಂಡುಬಿಡುತ್ತೇನೆಂದು ಹೆದರಿ ಅವಳು ನನ್ನ ಹಿಂದೆ ಸುತ್ತುತ್ತಿದ್ದಳು. ನಾನು ಅವಳ ಕೈ ಹಿಡಿದುಕೊಂಡು, ನನಗೆ ಬದುಕುವ ಆಸೆ ಇರುವುದಕ್ಕೇ ಇಷ್ಟು ಹೆದರಿಕೆ, ನಾನು ಹಾಗೆಲ್ಲ ಮಾಡುವವಳಲ್ಲ ಎಂದೆ. ಅಮ್ಮ ನನ್ನ ಮುಖವನ್ನು ನೇರವಾಗಿ ನೋಡಿದಳು. “ಅವ್ರೂ ಹಂಗೇ ಅಂತಿದ್ರು,” ಎಂದಳು.

ಕ್ಯಾಂಟೀನಿನ ಹುಡುಗಿ ಬಂದು ಲೋಟ ಎತ್ತಿಕೊಂಡು ಹೋದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ, ಊರಿನವರ ಬಾಯಿಗೆ ಹೆದರಿಯಾ ಎಂದು ಕೇಳಿದೆ. ಅಮ್ಮ ಅಲ್ಲ ಎಂದು ತಲೆಯಾಡಿಸಿದಳು. ಊರಿನಲ್ಲಿ ಹಿರಿಯರಿಗೆಲ್ಲ ಗೊತ್ತಿತ್ತಂತೆ. ನನಗೊಬ್ಬಳಿಗೆ ತಿಳಿಯದಂತೆ ಎಲ್ಲರೂ ಸೇರಿ ಹಾರ್ಟು ಎಂದು ಇಟ್ಟುಕೊಂಡು ಬಂದಿದ್ದರು. “ಅಂಥದ್ದೊಂದು ದಾರಿ ಇದೆ ಅಂತ ನಿಂಗೆ ಗೊತ್ತಾಗ್ಬಾರ್ದಿತ್ತು,” ಎಂದಳು. “ಅಷ್ಟೇ ನಂಗೆ ಬೇಕಿದ್ದಿದ್ದು.” ಆಮೇಲೆ ಸಕ್ಕರೆಯ ಗುಪ್ಪೆಯನ್ನು ಮತ್ತೆ ಹರಡುತ್ತಾ, “ನೋಡಿದ್ದು ನೀನೇ,” ಎಂದಳು.

“ಎಂತ?”

“ನೀನೇ ಓಡಿ ಬಂದು ಹೇಳಿದ್ದು. ಅಪ್ಪ ಗುದಾಮಲ್ಲಿ ಮಲ್ಗಿದಾರೆ, ಎಷ್ಟು ಎಬ್ಸಿದ್ರೂ ಏಳ್ತಿಲ್ಲ ಅಂತ. ನಿನ್ನ ಕೈಯೆಲ್ಲ ಅದೇ ವಾಸ್ನೆ.”

ನಾನು ಎಷ್ಟು ಹುಡುಕಿದರೂ ನನ್ನೊಳಗೆ ಆ ಗುದಾಮು ಸಿಗಲಿಲ್ಲ. ಆವತ್ತೂ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಸಿಕ್ಕಿದ್ದು ಮಲ್ಲಂದೂರಿನ ಅಜ್ಜಿಯ ಬಚ್ಚಲು. ಬಿಸಿನೀರಿನ ಹಬೆ, ಸೋಪಿನ ನೊರೆ, ನನ್ನ ಪುಟ್ಟ ಕೈಗಳನ್ನು ಮತ್ತೆ ಮತ್ತೆ ಮೂಗಿಗೆ ಹಿಡಿದು ಮೂಸಿ ಮತ್ತೆ ತೊಳೆಯುತ್ತಿದ್ದ ಅಜ್ಜಿ. ನನ್ನ ಬಾಲ್ಯದ ಅತಿ ಮುದ್ದಿನ ನೆನಪು ಎಂದು ಮಗಳಿಗೂ ಅದನ್ನು ಹೇಳಿದ್ದೆ. ನಾನು ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ನೋಡುತ್ತಾ ಕೂತೆ. ಪಕ್ಕದ ತೋಟ, ಔಷಧಿ ಬಳಿಯುತ್ತಿದ್ದ ಆಳುಗಳು, ಮೇಸ್ತ್ರಿಯ ಮುಂದೆ ನಿಂತಿದ್ದ ನಾನು. ನನಗೆ ಗೊತ್ತಿಲ್ಲದ್ದು ನನ್ನ ಮೂಗಿಗೆ ಗೊತ್ತಿತ್ತು. ಇದಕ್ಕಿಂತ ದೊಡ್ಡ ಆಘಾತ ನನ್ನ ಬದುಕಿನಲ್ಲಿ ಆಗಿಲ್ಲ, ಆಗುವುದೂ ಬೇಡ. ಆದರೆ ಒಂದು ವಿಚಿತ್ರ ಹೇಳಬೇಕು. ಅಷ್ಟೆಲ್ಲ ಕೇಳಿಸಿಕೊಂಡು ಕೂತಿದ್ದ ಆ ಹೊತ್ತಿನಲ್ಲಿ, ಬರಬೇಕಾಗಿದ್ದ ಅದು ಬರಲೇ ಇಲ್ಲ. ಎದೆ ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಿತ್ತು.

ಗಿರೀಶ ಬಂದಾಗ ನಾವಿಬ್ಬರೂ ಎದ್ದು ಹೃದಯದ ಡಾಕ್ಟರ ರೂಮಿಗೇ ವಾಪಸ್ ಹೋದೆವು. ಅವನು ಏನೂ ತಿಳಿಯದೆ ಹಿಂದೆ ಬಂದ. ನಾನು ನಿಂತುಕೊಂಡೇ, ತಂದೆಗೆ ಹಾರ್ಟ್ ಆಗಿರಲಿಲ್ಲವಂತೆ ಎಂದು ಹೇಳಿ, ನಡೆದದ್ದನ್ನು ಎರಡು ಮಾತಿನಲ್ಲಿ ಮುಗಿಸಿದೆ. ಗಿರೀಶ ಗೋಡೆಗೆ ಒರಗಿದ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾಳೆಯ ಆಂಜಿಯೋಗ್ರಾಮ್ ಸದ್ಯಕ್ಕೆ ಬೇಡ, ಇವತ್ತೇ ಮೇಲಿನ ಮಹಡಿಯಲ್ಲಿ ಮನೋವೈದ್ಯರನ್ನು ಕಾಣಿರಿ, ಅವರೂ ನಾನೂ ಮಾತಾಡಿಕೊಳ್ಳುತ್ತೇವೆ ಎಂದರು. ಇನ್ನೊಂದು ಕಾಲದಲ್ಲಿ ಆಗಿದ್ದರೆ, ನನಗೇನು ಹುಚ್ಚೇ ಎಂದು ಅವರ ಮೇಲೆ ಹರಿಹಾಯುತ್ತಿದ್ದೆ. ಆವತ್ತು ಸುಮ್ಮನೆ ಮೆಟ್ಟಿಲು ಹತ್ತಿದೆ. ಲಿಫ್ಟಿಗೆ ಹೆದರಿಕೆ ಇತ್ತು, ಅದು ಬೇರೆ ಮಾತು.

ಮನೋವೈದ್ಯರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಶೃಂಗೇರಿ ಕಡೆಯವರು. ಎಲ್ಲವನ್ನೂ ಮೊದಲಿನಿಂದ ಕೇಳಿಸಿಕೊಂಡರು. ಇದಕ್ಕೆ ಹೆಸರಿದೆ, ಬಹಳ ಜನಕ್ಕೆ ಬರುತ್ತದೆ, ಮದ್ದೂ ಇದೆ ಎಂದರು. ಮೈ ಒಮ್ಮೆ ಹೆದರುವುದನ್ನು ಕಲಿತರೆ ಆಮೇಲೆ ಅದಕ್ಕೆ ವಾಸನೆಯೂ ಬೇಕಾಗುವುದಿಲ್ಲ, ಹೆದರಿಕೆ ಬಂದೀತು ಎಂಬ ಹೆದರಿಕೆಯೇ ಸಾಕಾಗುತ್ತದೆ. ಕಲಿತದ್ದನ್ನು ನಿಧಾನಕ್ಕೆ ಮರೆಸಬಹುದು ಎಂದರು. ಅದು ಬಂದಾಗ ಓಡದೆ ನಿಲ್ಲುವುದು ಹೇಗೆಂದು ಅವರು ಕಲಿಸಿದ್ದರಿಂದಲೇ ಕಳೆದ ವಾರ ಗೊಬ್ಬರದ ಅಂಗಡಿಯಲ್ಲಿ ನಿಂತೆ, ಸುಣ್ಣವನ್ನೂ ತಂದೆ. ಪ್ಯಾಕೆಟ್ಟಿನ ಮೇಲೆ ಅಪ್ಪನ ಫೋಟೋ ಈಗಲೂ ಇದೆ, ಕೆಳಗಿನ ಸಾಲು ಇಲ್ಲ. ಅಪ್ಪನ ಹೆಸರು ಮಾತ್ರ ಇದೆ.

ಆದರೆ ಆ ವರ್ಷ ಅಂದರೆ ನನಗೆ ನೆನಪಾಗುವುದು ಇದು ಯಾವುದೂ ಅಲ್ಲ, ಆ ಮಧ್ಯಾಹ್ನ ಮನೋವೈದ್ಯರ ರೂಮಿನಲ್ಲಿ ಶುರುವಿನಲ್ಲೇ ನಡೆದದ್ದು. ಡಾಕ್ಟರು ಬರೆದುಕೊಳ್ಳುತ್ತಾ, ಮನೆಯಲ್ಲಿ ಬೇರೆ ಯಾರಿಗಾದರೂ ಇಂಥದ್ದು ಇತ್ತೇ, ತಂದೆ ಹೇಗೆ ತೀರಿಕೊಂಡರು ಎಂದು ಕೇಳಿದರು. ಅಭ್ಯಾಸ ಎಂಥದ್ದು ನೋಡಿ, ‘ಹಾರ್ಟು’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅಮ್ಮ ಬೆರಳಿಗೆ ಸುತ್ತಿಕೊಂಡಿದ್ದ ಸೆರಗನ್ನು ಬಿಡಿಸಿ, ಕಿಟಕಿಯ ಕಡೆ ನೋಡದೆ, ಆ ಡಾಕ್ಟರ ಮುಖ ನೋಡಿಕೊಂಡು, ಅವರು ವಿಷ ಕುಡಿದರು ಎಂದು ಗಟ್ಟಿಯಾಗಿ ಹೇಳಿದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಮುಂದಿನ ಪ್ರಶ್ನೆ ನನಗೆ ಕೇಳುತ್ತಾರೆಂದು ನಾನು ಸಿದ್ಧಳಾದೆ. ಅವರು ಕುರ್ಚಿಯನ್ನು ಅಮ್ಮನ ಕಡೆಗೆ ತಿರುಗಿಸಿಕೊಂಡರು.

“ನಿಮಗೆ ಹೇಗಿದೆ ಅಮ್ಮ? ರಾತ್ರಿ ನಿದ್ರೆ ಬರ್ತದಾ?”

ಅಮ್ಮನಿಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವಳು ಇಲ್ಲ ಎಂದು ತಲೆಯಾಡಿಸಿದಳು. ಎದೆ ಹೊಡೆದುಕೊಳ್ಳುತ್ತದೆಯೇ ಎಂದು ಡಾಕ್ಟರು ಕೇಳಿದರು. ಅಮ್ಮ ಹೌದು ಎಂದು ತಲೆಯಾಡಿಸಿದಳು. ನಾನು ಅವಳನ್ನೇ ನೋಡುತ್ತಾ ಕೂತೆ.

“ಯಾವಾಗಿಂದ?”

ಅಮ್ಮ ಕೈ ಚಾಚಿ, ನಾನಿನ್ನೂ ಸಣ್ಣವಳೇನೋ ಎಂಬಂತೆ ನನ್ನ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು.

“ಇವ್ಳು ಮೂರ್ನೇ ಕ್ಲಾಸಲ್ಲಿದ್ಲು,” ಎಂದಳು.